ಹುಲಿ ಸೀರೆ ಉಟ್ಟ ಚೀಟಿ

(ಊರಿನ ಗ್ರಂಥಾಲಯದಲ್ಲಿ, ಮಕ್ಕಳೂ ದೊಡ್ಡವರೂ ಸೇರಿದ್ದ ಒಂದು ಭಾನುವಾರ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ದಾರಿ ತಪ್ಪಿದ ಕಡೆ ಹಾಗೆಯೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನನಗೆ ಕೊರಿಯನ್ ಭಾಷೆ ಬರುವುದಿಲ್ಲ. ನಾನು ಅಂಚೆ ಚೀಟಿ ಕೂಡಿಹಾಕುವ ಚಟದವನು, ಅಷ್ಟೇ. ಕೊರಿಯದ ಮಕ್ಕಳ ಕತೆಗಳಿಗೆ ನಾನು ಬಂದದ್ದು ಪುಸ್ತಕದ ಬಾಗಿಲಿನಿಂದಲ್ಲ, ಲಕೋಟೆಯ ಮೂಲೆಯಿಂದ.

ನಾನು ಹುಡುಗನಾಗಿದ್ದಾಗ ಸ್ಟೇಷನರಿ ಅಂಗಡಿಯಲ್ಲಿ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಹೊರದೇಶದ ಚೀಟಿ ಮಾರುತ್ತಿದ್ದರು. ಒಳಗೆ ಏನಿದೆ ಅಂತ ಪೂರ್ತಿ ಕಾಣಿಸುತ್ತಿರಲಿಲ್ಲ. ಒಂದು ಸಲ ಒಂದು ವಿಚಿತ್ರ ಚೀಟಿ ಸಿಕ್ಕಿತು. ಹುಲಿ. ಆದರೆ ಹೆಂಗಸಿನ ಬಟ್ಟೆ ಹಾಕಿಕೊಂಡ ಹುಲಿ. ನನ್ನ ಕಣ್ಣಿಗೆ ಅದು ಸೀರೆಯೇ. ಕೆಳಗೆ ಇಂಗ್ಲಿಷಿನಲ್ಲಿ ರಿಪಬ್ಲಿಕ್ ಆಫ್ ಕೊರಿಯ, ಅಂದರೆ ದಕ್ಷಿಣ ಕೊರಿಯ, ಅಂತ ಇತ್ತು. ಬಯಲಾಟದ ಹುಲಿ ವೇಷ ಇರಬೇಕು ಅಂದುಕೊಂಡು ಆಲ್ಬಮ್ಮಿನ 'ಪ್ರಾಣಿಗಳು' ಪುಟಕ್ಕೆ ಅಂಟಿಸಿದೆ. ಆ ಹುಲಿಗೆ ಒಂದು ಕತೆ ಇದೆ ಅಂತ ಗೊತ್ತಾಗಲು ಮೂವತ್ತು ವರ್ಷ ಬೇಕಾಯಿತು. ಇವತ್ತಿನ ನನ್ನ ಮಾತೆಲ್ಲ ಆ ಕತೆಯಿಂದಲೇ ಹೊರಟದ್ದು.

ಕೊರಿಯದಲ್ಲಿ ಅಜ್ಜಿಕತೆ ಶುರುವಾಗುವುದೇ ಚೆಂದ. ನಾವು 'ಒಂದೂರಲ್ಲಿ ಒಬ್ಬ ರಾಜ' ಅನ್ನುತ್ತೇವಲ್ಲ, ಅವರು 'ಹುಲಿಗಳು ಚಿಲುಮೆ ಸೇದುತ್ತಿದ್ದ ಕಾಲದಲ್ಲಿ' ಅನ್ನುತ್ತಾರೆ. ಬೆಟ್ಟಗುಡ್ಡದ ದೇಶ, ಹಿಂದೆ ಹುಲಿಗಳು ತುಂಬ ಇದ್ದ ದೇಶ. ಹಾಗಾಗಿ ಕತೆಗಳಲ್ಲೂ ಹುಲಿ ಜಾಸ್ತಿ.

ನನ್ನ ಚೀಟಿಯ ಕತೆ ಇದು. ಒಬ್ಬ ತಾಯಿ ಸಂಜೆ ಬೆಟ್ಟ ದಾಟಿ ಮನೆಗೆ ಬರುತ್ತಿದ್ದಾಳೆ. ತಲೆ ಮೇಲೆ ಬುಟ್ಟಿ. ಬುಟ್ಟಿಯಲ್ಲಿ ಅಕ್ಕಿ ಹಿಟ್ಟಿನ ತಿಂಡಿ. ನಮ್ಮ ಕಡುಬಿನ ದೂರದ ನೆಂಟ ಅನ್ನಿ. ಹುಲಿ ಅಡ್ಡ ಬರುತ್ತದೆ. 'ಒಂದು ಕಡುಬು ಕೊಡು, ನಿನ್ನನ್ನು ತಿನ್ನೋದಿಲ್ಲ' ಅನ್ನುತ್ತದೆ. ಕೊಡುತ್ತಾಳೆ. ಮುಂದಿನ ಗುಡ್ಡದಲ್ಲಿ ಅದೇ ಹುಲಿ, ಅದೇ ಮಾತು. ಈ ಮಾತು ಅಲ್ಲಿ ಮಗುವಿನಿಂದ ಮುದುಕರವರೆಗೆ ಎಲ್ಲರ ಬಾಯಲ್ಲೂ ಇದೆ. ಕಡುಬು ಮುಗಿಯುತ್ತದೆ, ಹುಲಿ ತಾಯಿಯನ್ನೇ ತಿನ್ನುತ್ತದೆ. ಅವಳ ಬಟ್ಟೆ ತೊಟ್ಟು ಮನೆಯ ಬಾಗಿಲು ಬಡಿಯುತ್ತದೆ. ಒಳಗೆ ಅಣ್ಣ, ತಂಗಿ. ಕೈ ನೋಡಿ ಮಕ್ಕಳಿಗೆ ಅನುಮಾನ. ಹಿಂದಿನಿಂದ ಓಡಿ ಮರ ಹತ್ತುತ್ತಾರೆ.

ಹೇಗೆ ಹತ್ತಿದಿರಿ ಅಂತ ಹುಲಿ ಕೇಳುತ್ತದೆ. ಕೈಗೆ ಎಳ್ಳೆಣ್ಣೆ ಹಚ್ಚಿಕೊಂಡು ಅನ್ನುತ್ತಾನೆ ಅಣ್ಣ. ಹುಲಿ ಎಣ್ಣೆ ಹಚ್ಚಿಕೊಂಡು ಜಾರುತ್ತದೆ. ತಂಗಿಗೆ ನಗು ತಡೆಯಲಾಗದೆ, ಕೊಡಲಿಯಿಂದ ಕಚ್ಚು ಮಾಡಿಕೊಂಡು ಹತ್ತಿದೆವು ಅಂತ ನಿಜ ಹೇಳಿಬಿಡುತ್ತಾಳೆ. ಪ್ರತಿ ಮನೆಯಲ್ಲೂ ಇಂಥ ಒಬ್ಬ ತಂಗಿ ಇರುತ್ತಾಳೆ, ಅಲ್ವಾ? ಹುಲಿ ಮೇಲೆ ಬರುತ್ತಿದೆ. ಮಕ್ಕಳು ಆಕಾಶಕ್ಕೆ ಕೈ ಮುಗಿಯುತ್ತಾರೆ. ಮೇಲಿಂದ ಗಟ್ಟಿ ಹಗ್ಗ ಇಳಿಯುತ್ತದೆ, ಏರಿ ಹೋಗುತ್ತಾರೆ. ಹುಲಿಯೂ ಬೇಡುತ್ತದೆ. ಅದಕ್ಕೆ ಸಿಗುವುದು ಕೊಳೆತ ಹಗ್ಗ. ಬೀಳುವುದು ಜೋಳದ ಹೊಲಕ್ಕೆ. ಜೋಳದ ದಂಟಿನಲ್ಲಿ ಕಾಣುವ ಕೆಂಪು ಆ ಹುಲಿಯ ರಕ್ತವಂತೆ. ಅಣ್ಣ ಸೂರ್ಯನಾಗುತ್ತಾನೆ, ತಂಗಿ ಚಂದ್ರ. ಆದರೆ ತಂಗಿಗೆ ಕತ್ತಲೆ ಅಂದರೆ ಭಯ. ಅದಕ್ಕೆ ಅದಲು ಬದಲು ಮಾಡಿಕೊಳ್ಳುತ್ತಾರೆ.

ಈಗ ಚೀಟಿಗೆ ಬರೋಣ. ನನ್ನ ಹತ್ತಿರ ಇದ್ದದ್ದು ಒಂದು. ಒಟ್ಟು ಇದ್ದದ್ದು ನಾಲ್ಕು. ಮೊದಲನೆಯದರಲ್ಲಿ ತಾಯಿ ಮತ್ತು ಹುಲಿ. ಎರಡನೆಯದರಲ್ಲಿ ವೇಷ ಹಾಕಿದ ಹುಲಿ. ಮೂರನೆಯದರಲ್ಲಿ ಮರದ ಮೇಲೆ ಮಕ್ಕಳು. ನಾಲ್ಕನೆಯದರಲ್ಲಿ ಆಕಾಶಕ್ಕೆ ಏರುವುದು. ಅಂದರೆ ಸಾಲಾಗಿ ಜೋಡಿಸಿದರೆ ಅದೊಂದು ನಾಲ್ಕು ಪುಟದ ಚಿತ್ರಪುಸ್ತಕ! ಮಾತಿಲ್ಲ, ಬರೀ ಚಿತ್ರ. ಒಂದೊಂದು ಪುಟಕ್ಕೂ ಬೆಲೆ 7 ವೊನ್. ವೊನ್ ಅಂದರೆ ಅಲ್ಲಿನ ರೂಪಾಯಿ ಅನ್ನಿ. ಅಲ್ಲಿ 2021ರಲ್ಲಿ ಸಾಧಾರಣ ಪತ್ರಕ್ಕೆ ಹಚ್ಚುವ ಚೀಟಿ 430 ವೊನ್ ಆಯಿತು. ಆಗಿನ 7 ವೊನ್ ಅಂದರೆ ಎಷ್ಟು ಹಿಂದಿನ ಮಾತು ಅಂತ ನೀವೇ ಲೆಕ್ಕ ಹಾಕಿ.

1969ರ ಸೆಪ್ಟೆಂಬರಿನಲ್ಲಿ ಶುರುವಾಗಿ 1970ರ ಮೊದಲ ತಿಂಗಳುಗಳವರೆಗೆ ಕೊರಿಯದ ಅಂಚೆ ಇಲಾಖೆ ಇಂಥ ನಾಲ್ಕು ಕತೆ ಹೊರತಂದಿತು. ಕತೆಗೆ ನಾಲ್ಕರಂತೆ ಹದಿನಾರು ಚೀಟಿ. ಸೂರ್ಯ ಚಂದ್ರರದ್ದು ಮೂರನೆಯ ಕತೆ. ಮೊದಲು ಬಂದದ್ದು ಕೊಂಗ್‌ಜ್ವಿ ಮತ್ತು ಪಾತ್‌ಜ್ವಿ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚೀಟಿ ಮಾಡುವವರ ಜಾಣತನ ಗೊತ್ತಾಗುವುದು ಅಲ್ಲಿಯೇ.

ಕೊಂಗ್ ಅಂದರೆ ಸೋಯಾ ಕಾಳು, ಪಾತ್ ಅಂದರೆ ಕೆಂಪು ಬಣ್ಣದ ಒಂದು ಸಣ್ಣ ಕಾಳು. ಕಾಳಿನ ಹೆಸರಿನ ಇಬ್ಬರು ಹುಡುಗಿಯರು. ಕೊಂಗ್‌ಜ್ವಿ ತಾಯಿ ಇಲ್ಲದವಳು. ಪಾತ್‌ಜ್ವಿ ಮಲತಾಯಿಯ ಮಗಳು. ಮಲತಾಯಿ ತನ್ನ ಮಗಳ ಕೈಗೆ ಕಬ್ಬಿಣದ ಗುದ್ದಲಿ ಕೊಡುತ್ತಾಳೆ, ಕೊಂಗ್‌ಜ್ವಿಗೆ ಮರದ್ದು. ಅದು ಮುರಿಯುತ್ತದೆ, ಎತ್ತು ಬಂದು ನೆರವಾಗುತ್ತದೆ. ತಳ ಒಡೆದ ಹಂಡೆಗೆ ನೀರು ತುಂಬು ಅನ್ನುತ್ತಾಳೆ. ಕಪ್ಪೆ ಬಂದು ತೂತಿಗೆ ಅಡ್ಡ ಕೂರುತ್ತದೆ. ರಾಶಿ ಭತ್ತದ ಹೊಟ್ಟು ಬಿಡಿಸು ಅನ್ನುತ್ತಾಳೆ. ಗುಬ್ಬಿಗಳ ಹಿಂಡು ಬಂದು ಬಿಡಿಸಿ ಕೊಡುತ್ತದೆ. ಆಮೇಲೆ ಹೂವಿನ ಕಸೂತಿಯ ಒಂದು ಚಪ್ಪಲಿ ಕಳೆಯುವುದು, ಅಧಿಕಾರಿಯೊಬ್ಬ ಅದನ್ನು ಹಿಡಿದು ಹುಡುಕಿ ಬರುವುದು, ಇದೆಲ್ಲ ನಿಮಗೆ ಕೇಳಿದ ಹಾಗೆ ಅನ್ನಿಸುತ್ತದೆ.

ಚೀಟಿಗಳಲ್ಲಿ ಏನಿದೆ? ಕೆಲಸ ಹೇಳುವ ಮಲತಾಯಿ, ಗುಬ್ಬಿಗಳು, ಎತ್ತು, ಕೊನೆಯಲ್ಲಿ ಪಲ್ಲಕ್ಕಿಯಲ್ಲಿ ಕೊಂಗ್‌ಜ್ವಿ. ಕಪ್ಪೆಗೆ ಜಾಗ ಸಿಗಲಿಲ್ಲ. ಪಾಪ, ಎಲ್ಲರಿಗಿಂತ ಕಷ್ಟದ ಕೆಲಸ ಮಾಡಿದ್ದು ಅದೇ.

ಆದರೆ ಕತೆ ಪಲ್ಲಕ್ಕಿಗೆ ಮುಗಿಯುವುದಿಲ್ಲ. ಹಳೆಯ ಕತೆಯಲ್ಲಿ ಮದುವೆಯಾದ ಮೇಲೆ ಪಾತ್‌ಜ್ವಿ ಬಂದು ಕೊಂಗ್‌ಜ್ವಿಯನ್ನು ಕೊಳಕ್ಕೆ ನೂಕಿ ಕೊಲ್ಲುತ್ತಾಳೆ. ಸತ್ತವಳು ತಾವರೆಯಾಗಿ ಅರಳುತ್ತಾಳೆ. ಅಲ್ಲಿಂದ ಮುಂದೆ ನ್ಯಾಯ, ಶಿಕ್ಷೆ, ಎಲ್ಲವೂ ಭಯಂಕರ. ಅಂಚೆಯವರು ಪಲ್ಲಕ್ಕಿಯ ಹತ್ತಿರ ನಿಲ್ಲಿಸಿಬಿಟ್ಟರು. ನಾಲ್ಕೇ ಚೀಟಿ ಇರುವಾಗ ಎಲ್ಲಿ ನಿಲ್ಲಿಸಬೇಕು ಅನ್ನುವುದು ದೊಡ್ಡ ನಿರ್ಧಾರ. ಕತೆ ಹೇಳುವ ಅಜ್ಜಿಯೂ ಹೀಗೇ ತಾನೆ ಮಾಡುವುದು? ಮಗು ಅಳುತ್ತಿದ್ದರೆ ಪಲ್ಲಕ್ಕಿಗೆ ಮುಗಿಸುತ್ತಾಳೆ. ಸ್ವಲ್ಪ ದೊಡ್ಡದಾದರೆ ಕೊಳದ ಭಾಗ ಹೇಳುತ್ತಾಳೆ.

ಕಡೆಗೆ ಬಂದದ್ದು ಸೌದೆ ಕಡಿಯುವವನು ಮತ್ತು ಅಪ್ಸರೆಯ ಕತೆ. ಸ್ನಾನಕ್ಕೆ ಇಳಿದ ಅಪ್ಸರೆಯ ಬಟ್ಟೆ ಬಚ್ಚಿಟ್ಟು ಅವಳನ್ನು ಮದುವೆಯಾಗುವವನ ಕತೆ. ಇದನ್ನು ಮಕ್ಕಳಿಗೆ ಹಾಗೇ ಹೇಳಬಹುದಾ ಅಂತ ಅಲ್ಲಿನ ತಂದೆತಾಯಿಯರೇ ಈಗ ಕೇಳುತ್ತಿದ್ದಾರೆ. ಕೇಳಬೇಕಾದದ್ದೇ. ನಾನು ಅದನ್ನು ದಾಟಿ ಎರಡನೆಯ ಕತೆಗೆ ಬರುತ್ತೇನೆ. ಅದು ನಮ್ಮ ಮನೆಯದೇ.

ಹೆಸರು 'ಮೊಲದ ಪಿತ್ತಜನಕಾಂಗ'. ಪಾಠಪುಸ್ತಕದ ಹಾಗೆ ಕೇಳಿಸುತ್ತದೆ. ಸುಮ್ನೆ 'ಮೊಲದ ಈಲಿ' ಅಂದುಬಿಡೋಣ, ಮಾಂಸದಂಗಡಿಯಲ್ಲಿ ಅನ್ನುವ ಹಾಗೆ. ಸಮುದ್ರದ ತಳದಲ್ಲಿ ನಾಗರಾಜನ ಅರಮನೆ. ಅಲ್ಲಿ ಕಾಯಿಲೆ. ಮೊಲದ ಈಲಿ ತಿಂದರೆ ವಾಸಿ ಅನ್ನುತ್ತಾರೆ ವೈದ್ಯರು. ಆಮೆ ನೆಲಕ್ಕೆ ಬಂದು ಮೊಲಕ್ಕೆ ಆಸೆ ತೋರಿಸಿ ಬೆನ್ನ ಮೇಲೆ ಕೂರಿಸಿಕೊಂಡು ಹೊರಡುತ್ತದೆ. ವಿಷಯ ಗೊತ್ತಾದಾಗ ಮೊಲ ಹೇಳುತ್ತದೆ: 'ಅಯ್ಯೋ, ಮೊದಲೇ ಹೇಳಬಾರದಾ? ಈಲಿಯನ್ನು ತೊಳೆದು ಬಂಡೆಯ ಮೇಲೆ ಇಟ್ಟು ಬಂದೆನಲ್ಲ.'

ಮಕ್ಕಳು ಆಗಲೇ ಕೈ ಎತ್ತುತ್ತಿದ್ದೀರಿ. ಹೌದು! ಕೋತಿ ಮತ್ತು ಮೊಸಳೆ. ನೇರಳೆ ಮರದ ಕೋತಿ, ಅದರ ಗುಂಡಿಗೆ ತಿನ್ನಬೇಕು ಅಂದ ಮೊಸಳೆಯ ಹೆಂಡತಿ, ಗುಂಡಿಗೆಯನ್ನು ಮರದಲ್ಲೇ ಬಿಟ್ಟು ಬಂದೆ ಅಂದ ಕೋತಿ. ಪಂಚತಂತ್ರದಲ್ಲಿ ಇದೆ, ಬೌದ್ಧರ ಜಾತಕ ಕತೆಗಳಲ್ಲಿ ಇದೆ. ಜಾತಕದಲ್ಲಿ ಗುಂಡಿಗೆ ನೇತಾಡುವುದು ಅತ್ತಿ ಮರದಲ್ಲಿ. ಈ ಕತೆ ಬೌದ್ಧ ಗ್ರಂಥಗಳ ಜೊತೆ ಚೀನಕ್ಕೆ ಹೋಯಿತು. ಮೂರನೆಯ ಶತಮಾನದ ಚೀನಿ ಅನುವಾದದಲ್ಲಿ ಮೊಸಳೆಯ ಜಾಗಕ್ಕೆ ಆಮೆ ಬಂತು. ಕೊರಿಯಕ್ಕೆ ಬರುವ ಹೊತ್ತಿಗೆ ಕೋತಿಯೂ ಹೋಗಿ ಮೊಲವಾಯಿತು. ಅಲ್ಲಿನ ಕಾಡಿನಲ್ಲಿ ಕೋತಿ ಇಲ್ಲವಲ್ಲ, ಕೇಳುವ ಮಗುವಿಗೆ ಗೊತ್ತಿರುವ ಪ್ರಾಣಿ ಬೇಕು. ಆದರೆ ಆ ಸುಳ್ಳು ಮಾತ್ರ ಒಂದಿಷ್ಟೂ ಸವೆಯದೆ ಅಷ್ಟು ದೂರ ಹೋಗಿದೆ ನೋಡಿ.

ಇನ್ನೂ ಒಂದು ವಿಷಯ ಇದೆ. ಈ ಕತೆ ಅಲ್ಲಿ ಮಕ್ಕಳ ಕತೆಯಾಗಿ ಬರವಣಿಗೆಗೆ ಬಂದದ್ದಲ್ಲ. 1145ರಲ್ಲಿ ಕಿಮ್ ಬು-ಶಿಕ್ ಎಂಬ ಪಂಡಿತರ ಕೈಯಲ್ಲಿ ಸಿದ್ಧವಾದ ಮೂರು ರಾಜ್ಯಗಳ ಚರಿತ್ರೆಯಲ್ಲಿ ಇದು ಬರುತ್ತದೆ. 642ರಲ್ಲಿ ಶಿಲ್ಲಾ ರಾಜ್ಯದ ಕಿಮ್ ಚುನ್-ಚು ಸೈನ್ಯದ ನೆರವು ಕೇಳಲು ಪಕ್ಕದ ಗೊಗುರ್ಯೊ ರಾಜ್ಯಕ್ಕೆ ಹೋಗುತ್ತಾನೆ. ಅಲ್ಲಿನ ರಾಜ, ಮೊದಲು ನಮ್ಮ ಹಳೆಯ ಜಮೀನು ವಾಪಸು ಕೊಡಿ ಅಂತ ಹಿಡಿದು ಕೂರಿಸುತ್ತಾನೆ. ಆಗ ಅಲ್ಲಿನ ಒಬ್ಬ ಅಧಿಕಾರಿ ಅವನ ಜೊತೆ ಕುಡಿಯಲು ಕೂತು, ಮೊಲ ಮತ್ತು ಆಮೆಯ ಕತೆ ಕೇಳಿದ್ದೀಯಾ ಅನ್ನುತ್ತಾನೆ. ಕತೆ ಹೇಳಿ ಸುಮ್ಮನಾಗುತ್ತಾನೆ. ಕಿಮ್ ಚುನ್-ಚುಗೆ ಅರ್ಥವಾಗುತ್ತದೆ. 'ನನ್ನನ್ನು ಬಿಡಿ, ಊರಿಗೆ ಹೋಗಿ ಜಮೀನು ಕೊಡಿಸುತ್ತೇನೆ' ಅನ್ನುತ್ತಾನೆ. ಈಲಿ ಬಂಡೆಯ ಮೇಲಿದೆ ಅಂದ ಹಾಗೆ! ತಪ್ಪಿಸಿಕೊಂಡು ಬಂದು, ಆಮೇಲೆ ಅವನೇ ಶಿಲ್ಲಾದ ರಾಜನೂ ಆಗುತ್ತಾನೆ. ಮೊಸಳೆಯನ್ನು ಮೋಸ ಮಾಡಿದ ಕೋತಿ ಒಬ್ಬ ರಾಜನ ಜೀವ ಉಳಿಸಿತು ಅಂದರೆ ತಪ್ಪಾಗದು.

ಇಲ್ಲಿ ನನ್ನಂಥ ಚೀಟಿ ಹುಚ್ಚರಿಗೆ ಹಬ್ಬ. ಯಾಕೆಂದರೆ 2001ರಲ್ಲಿ ನಮ್ಮ ಅಂಚೆ ಇಲಾಖೆಯೂ ಪಂಚತಂತ್ರದ ಚೀಟಿ ತಂದಿತು. ನಾಲ್ಕು ಕತೆ, ಕತೆಗೆ ಎರಡರಂತೆ ಎಂಟು ಚೀಟಿ, ಒಂದೊಂದಕ್ಕೆ 4 ರೂಪಾಯಿ. ಅದರಲ್ಲಿ ಕೋತಿ ಮೊಸಳೆ ಇದೆ. ಅಂದರೆ ಒಂದೇ ಕತೆ ಎರಡು ದೇಶಗಳ ಅಂಚೆಯಲ್ಲಿ ಓಡಾಡಿದೆ. ನನ್ನ ಆಲ್ಬಮ್ಮಿನಲ್ಲಿ ಅವೆರಡನ್ನೂ ಎದುರುಬದುರು ಪುಟದಲ್ಲಿ ಇಟ್ಟಿದ್ದೇನೆ. 'ಪ್ರಾಣಿಗಳು' ಪುಟದಿಂದ ಅವಕ್ಕೆ ಬಿಡುಗಡೆಯಾಗಿದೆ. ಕೊನೆಯಲ್ಲಿ ಬಂದು ನೋಡಿ, ಮುಟ್ಟಬೇಡಿ, ಚಿಮಟ ಕೊಡುತ್ತೇನೆ.

ಸ್ವಲ್ಪ ಹಿಂದಕ್ಕೆ ಹೋಗಿಬರೋಣ. ಕೊರಿಯದ ಮೊದಲ ಅಂಚೆ ಚೀಟಿಯಲ್ಲಿ ಕತೆ ಇರಲಿಲ್ಲ. ಚೀಟಿಯೇ ಒಂದು ಕತೆಯಾಯಿತು. 1884ರ ನವೆಂಬರಿನಲ್ಲಿ ಸೋಲ್ ನಗರದಲ್ಲಿ ಅಂಚೆ ಕಚೇರಿ ತೆರೆದರು. ಅದರ ಮುಖ್ಯಸ್ಥ ಹಾಂಗ್ ಯಂಗ್-ಶಿಕ್, ಇನ್ನೂ ಮೂವತ್ತು ದಾಟದ ಯುವಕ. ಚೀಟಿ ಅಚ್ಚಾದದ್ದು ಜಪಾನಿನಲ್ಲಿ, ಐದು ಬೇರೆ ಬೇರೆ ಬೆಲೆಯವು. ಅದರಲ್ಲಿ ಎರಡು ಮಾತ್ರ ಹೊತ್ತಿಗೆ ಸರಿಯಾಗಿ ಬಂದವು. ಡಿಸೆಂಬರ್ 4ರಂದು ಕಚೇರಿ ತೆರೆದ ಸಂತೋಷಕ್ಕೆ ಔತಣ ಇಟ್ಟರು. ಆ ಔತಣದ ರಾತ್ರಿಯೇ ಹಾಂಗ್ ಮತ್ತು ಅವನ ಗೆಳೆಯರು ಸರ್ಕಾರವನ್ನೇ ಬದಲಿಸಲು ದಂಗೆ ಎದ್ದರು. ಮೂರು ದಿನದಲ್ಲಿ ದಂಗೆ ಮುರಿಯಿತು, ಹಾಂಗ್ ಸತ್ತ, ಅಂಚೆ ಮುಚ್ಚಿತು. ಉಳಿದ ಮೂರು ಬೆಲೆಯ ಚೀಟಿಗಳು ಬಂದಾಗ ಅವನ್ನು ಹಚ್ಚಲು ಅಂಚೆಯೇ ಇರಲಿಲ್ಲ. ಮತ್ತೆ ಅಂಚೆ ಶುರುವಾದದ್ದು 1895ರಲ್ಲಿ. ಆ ಕಚೇರಿಯ ಕಟ್ಟಡ ಇವತ್ತಿಗೂ ಸೋಲ್ ನಡುವಿನಲ್ಲಿ ನಿಂತಿದೆ. ಇಷ್ಟು ಹೇಳಿದ್ದು ಯಾಕೆ ಅಂದರೆ, ಅಂಥ ಕಡೆಯಿಂದ ಹೊರಟ ಇಲಾಖೆ ಎಂಬತ್ತೈದು ವರ್ಷದ ಮೇಲೆ ಮಕ್ಕಳಿಗೆ ಹುಲಿಯ ಕತೆ ಹೇಳಲು ಕೂತಿತಲ್ಲ, ಅದು ನನಗೆ ಇಷ್ಟ.

ಮಕ್ಕಳು ಅನ್ನುವುದಕ್ಕೂ ಅಲ್ಲಿ ಒಂದು ಚರಿತ್ರೆ ಇದೆ. ಜಪಾನಿನ ಆಳ್ವಿಕೆಯ ಕಾಲದಲ್ಲಿ ಬಾಂಗ್ ಜಂಗ್-ಹ್ವಾನ್ ಎಂಬವರು ಮಕ್ಕಳನ್ನು ಮರ್ಯಾದೆಯಿಂದ ಕರೆಯಲು 'ಒರಿನಿ' ಎಂಬ ಮಾತನ್ನು ಬಳಕೆಗೆ ತಂದರು. 1923ರಲ್ಲಿ ಅದೇ ಹೆಸರಿನ ಪತ್ರಿಕೆ ಶುರು ಮಾಡಿದರು. ಮಕ್ಕಳ ದಿನಾಚರಣೆಗೂ ಅವರೇ ಕಾರಣ. ಈಗ ಅದು ಮೇ 5ರಂದು, ದೇಶಕ್ಕೆಲ್ಲ ರಜೆ.

ಸರಿ, ಚಿತ್ರಪುಸ್ತಕ. ಕೊರಿಯದಲ್ಲಿ ಹೊಸ ಕಾಲದ ಚಿತ್ರಪುಸ್ತಕ ಎಲ್ಲಿಂದ ಶುರು ಅಂತ ಕೇಳಿದರೆ ಅಲ್ಲಿನವರು ಸಾಮಾನ್ಯವಾಗಿ 1988ನೇ ಇಸವಿ ಹೇಳುತ್ತಾರೆ. ರ್ಯು ಜೇ-ಸೂ ಬರೆದು ಚಿತ್ರಿಸಿದ 'ಬೇಕ್ದು ಪರ್ವತದ ಕತೆ' ಬಂದ ವರ್ಷ. ಅಂದರೆ ನನ್ನ ಸೀರೆ ಉಟ್ಟ ಹುಲಿ ಅದಕ್ಕಿಂತ ಹದಿನೆಂಟು ವರ್ಷ ಮೊದಲೇ ನಾಲ್ಕು ಪುಟದಲ್ಲಿ ಮನೆಮನೆಗೆ ಹೋಗಿ ಬಂದಿತ್ತು. ಹದಿನಾರು ಚೀಟಿಯನ್ನು ಚಿತ್ರಪುಸ್ತಕದ ಅಣ್ಣ ಅಂತ ನಾನು ಕರೆಯುವುದು ಅದಕ್ಕೇ. ವಿದ್ವಾಂಸರು ಒಪ್ಪುತ್ತಾರೋ ಇಲ್ಲವೋ, ನನ್ನ ಆಲ್ಬಮ್ಮಿನಲ್ಲಂತೂ ಹಾಗೆಯೇ.

ಈಗ ಒಂದು ಆಟ ಆಡೋಣ. ಇವತ್ತಿನ ಕೊರಿಯನ್ ಚಿತ್ರಪುಸ್ತಕಗಳಿಗೆ ಚೀಟಿ ಮಾಡಿಕೊಡು ಅಂತ ನನ್ನನ್ನು ಕೂರಿಸಿದರೆ ಯಾವ ಪುಟ ಆರಿಸುತ್ತೇನೆ?

ಮೊದಲನೆಯದು 'ನಾಯಿಮರಿಯ ಕಕ್ಕ'. ನಗಬೇಡಿ, ಪುಸ್ತಕದ ಹೆಸರೇ ಅದು. ಬರೆದವರು ಕ್ವೊನ್ ಜಂಗ್-ಸೆಂಗ್. 1937ರಲ್ಲಿ ಟೋಕಿಯೊದಲ್ಲಿ ಬಡ ಕೊರಿಯನ್ ಕುಟುಂಬದಲ್ಲಿ ಹುಟ್ಟಿದವರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಊರಿಗೆ ಬಂದರು. ಹರೆಯದಲ್ಲೇ ಕ್ಷಯ ಹಿಡಿಯಿತು, ಸಾಯುವವರೆಗೂ ಬಿಡಲಿಲ್ಲ. ಆಂದೊಂಗ್ ಹತ್ತಿರದ ಹಳ್ಳಿಯ ಚರ್ಚಿನಲ್ಲಿ ಗಂಟೆ ಬಾರಿಸುವ ಕೆಲಸ ಮಾಡುತ್ತ ಬರೆದರು. 2007ರಲ್ಲಿ ತೀರಿಕೊಂಡಾಗ ಅವರಿದ್ದದ್ದು ಪುಟ್ಟ ಮಣ್ಣಿನ ಮನೆ. ಪುಸ್ತಕಗಳಿಂದ ಬರುವ ಹಣ ಮಕ್ಕಳಿಗೆ ಸೇರಬೇಕು, ಉತ್ತರ ಕೊರಿಯದ ಹಸಿದ ಮಕ್ಕಳಿಗೂ ಸೇರಬೇಕು ಅಂತ ಬರೆದಿಟ್ಟಿದ್ದರು.

ಕತೆ ಸಣ್ಣದು. ಗೋಡೆಯ ಪಕ್ಕ ನಾಯಿಮರಿ ಕಕ್ಕ ಮಾಡಿ ಹೋಗುತ್ತದೆ. ಗುಬ್ಬಿ ಬಂದು ಕುಕ್ಕಿ ಛೀ ಅನ್ನುತ್ತದೆ. ಕೋಳಿ ಮರಿಗಳ ಜೊತೆ ಬಂದು ನೋಡಿ ಹೋಗುತ್ತದೆ. ನಾನು ಯಾಕಾದರೂ ಹುಟ್ಟಿದೆನೋ ಅಂತ ಕಕ್ಕಕ್ಕೆ ಅಳು. ವಸಂತದಲ್ಲಿ ಪಕ್ಕದಲ್ಲಿ ಒಂದು ಡ್ಯಾಂಡೆಲಿಯನ್ ಗಿಡ ಮೊಳೆಯುತ್ತದೆ. ಹಳದಿ ಹೂ, ಬೀಜ ಹತ್ತಿಯ ಹಾಗೆ ಹಾರುತ್ತದಲ್ಲ, ಆ ಗಿಡ. ನೀನು ನನಗೆ ಗೊಬ್ಬರ ಆಗಬೇಕು, ಆಗ ಮಾತ್ರ ಹೂ ಬಿಡುತ್ತೇನೆ ಅನ್ನುತ್ತದೆ. ಮಳೆ ಬರುತ್ತದೆ. ಕಕ್ಕ ಗಿಡವನ್ನು ತಬ್ಬಿಕೊಂಡು ಕರಗುತ್ತದೆ. ಈ ಕತೆ ಅವರು ಬರೆದು ಬಹುಮಾನ ಪಡೆದದ್ದು ಯಾವ ವರ್ಷ ಗೊತ್ತಾ? 1969. ಒಂದು ಕಡೆ ಅಂಚೆಯಲ್ಲಿ ಪಲ್ಲಕ್ಕಿ, ಅದೇ ವರ್ಷ ಇನ್ನೊಂದು ಕಡೆ ಗೋಡೆ ಪಕ್ಕದ ಕಕ್ಕ. ಜಂಗ್ ಸಂಗ್-ಗಾಕ್ ಚಿತ್ರ ಬರೆದು ಅದು ಚಿತ್ರಪುಸ್ತಕವಾದದ್ದು 1996ರಲ್ಲಿ. ನಾನು ಆರಿಸುವ ಪುಟ ಆ ತಬ್ಬುಗೆಯದು. ಕಕ್ಕದ ಚೀಟಿಯ ಹಿಂದೆ ಯಾರು ನಾಲಗೆ ಆಡಿಸುತ್ತಾರೆ ಅಂತ ನನ್ನ ಹೆಂಡತಿ ಕೇಳಿದಳು. ಈಗಿನ ಚೀಟಿಗೆ ಸ್ಟಿಕ್ಕರಿನ ಅಂಟು ಇರುತ್ತದೆ ಅಂತ ಸಮಾಧಾನ ಹೇಳಿದೆ.

ಎರಡನೆಯದು ಸೂಜಿ ಲೀ ಅವರ 'ಅಲೆ', 2008ರದ್ದು. ಸೂಜಿ ಅಂದರೆ ನಮ್ಮ ದಾರದ ಸೂಜಿ ಅಲ್ಲ, ಅವರ ಹೆಸರು. ಆದರೆ ನಿಜಕ್ಕೂ ಅವರ ಕಣ್ಣು ಇರುವುದು ಪುಸ್ತಕದ ಹೊಲಿಗೆಯ ಮೇಲೆಯೇ! ಪುಸ್ತಕ ಬಿಚ್ಚಿದರೆ ನಡುವೆ ಒಂದು ಮಡಿಕೆ ಇರುತ್ತದಲ್ಲ, ಎಲ್ಲರೂ ಅದನ್ನು ಮರೆಸಲು ನೋಡುತ್ತಾರೆ. ಇವರು ಅದನ್ನೇ ಗಡಿ ಮಾಡಿಕೊಂಡರು. 'ಅಲೆ'ಯಲ್ಲಿ ಒಂದು ಮಾತಿಲ್ಲ. ಕಪ್ಪು, ನೀಲಿ, ಅಷ್ಟೇ ಬಣ್ಣ. ಎಡಪುಟದಲ್ಲಿ ಹುಡುಗಿ, ಬಲಪುಟದಲ್ಲಿ ಸಮುದ್ರ. ಮೊದಲು ಅಲೆ ಮಡಿಕೆಯನ್ನು ದಾಟುವುದೇ ಇಲ್ಲ. ಹುಡುಗಿ ಅಣಕಿಸುತ್ತಾಳೆ, ಕೈ ಚಾಚುತ್ತಾಳೆ, ಮಡಿಕೆ ದಾಟುತ್ತಾಳೆ. ಕೊನೆಗೆ ಅಲೆಯೂ ದಾಟಿ ಅವಳ ಮೇಲೆ ಬೀಳುತ್ತದೆ. ಅವಳ ಬಟ್ಟೆಯೂ ಆಕಾಶವೂ ನೀಲಿಯಾಗುತ್ತವೆ.

ಇದನ್ನು ಒಂದೇ ಚೀಟಿಯಲ್ಲಿ ತಂದರೆ ಕೆಟ್ಟುಹೋಗುತ್ತದೆ. ಜೋಡಿ ಚೀಟಿಯೇ ಬೇಕು, ನಮ್ಮ ಪಂಚತಂತ್ರದ್ದರ ಹಾಗೆ. ಎಡಚೀಟಿಯಲ್ಲಿ ಹುಡುಗಿ, ಬಲಚೀಟಿಯಲ್ಲಿ ಅಲೆ, ನಡುವೆ ಹರಿಯಲು ಕೊರೆದ ತೂತುಗಳ ಸಾಲು. ಪುಸ್ತಕದ ಮಡಿಕೆಯ ಕೆಲಸವನ್ನು ಆ ತೂತುಗಳೇ ಮಾಡುತ್ತವೆ. ಹರಿದರೆ ಹುಡುಗಿ ಒಂದು ಊರಿಗೆ, ಸಮುದ್ರ ಇನ್ನೊಂದು ಊರಿಗೆ. ನನ್ನಂಥವರು ಪ್ರಾಣ ಹೋದರೂ ಹರಿಯುವುದಿಲ್ಲ. ಆದರೆ ಯಾರಾದರೂ ಹರಿದು ಎರಡು ಪತ್ರಕ್ಕೆ ಹಚ್ಚಿದರೆ ಲೇಖಕಿಗೆ ಖುಷಿಯಾಗಬಹುದು ಅಂತ ನನ್ನ ಊಹೆ. ಸೂಜಿ ಲೀ ಅವರಿಗೆ 2022ರಲ್ಲಿ ಮಕ್ಕಳ ಪುಸ್ತಕದ ಚಿತ್ರಕಾರರಿಗೆ ಕೊಡುವ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಬಂತು. ಕೊರಿಯಕ್ಕೆ ಅದೇ ಮೊದಲು.

ಮೂರನೆಯದು ಬೇಕ್ ಹೀನಾ ಅವರ 'ಮೋಡದ ಬ್ರೆಡ್', 2004ರದ್ದು. ಮಳೆಯ ಬೆಳಗ್ಗೆ ಬೆಕ್ಕಿನ ಮರಿಗಳಿಬ್ಬರು ಕೊಂಬೆಗೆ ಸಿಕ್ಕಿದ ಸಣ್ಣ ಮೋಡವನ್ನು ಮನೆಗೆ ತರುತ್ತಾರೆ. ಅಮ್ಮ ಅದನ್ನು ನಾದಿ ಬ್ರೆಡ್ ಮಾಡುತ್ತಾಳೆ. ತಿಂದವರು ತೇಲುತ್ತಾರೆ. ಹಸಿದ ಹೊಟ್ಟೆಯಲ್ಲೇ ಆಫೀಸಿಗೆ ಓಡಿದ ಅಪ್ಪ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾನೆ. ಮಕ್ಕಳು ಹಾರಿಹೋಗಿ ಅವನಿಗೂ ಬ್ರೆಡ್ ಕೊಡುತ್ತಾರೆ. ಕಾಗದದ ಬೊಂಬೆಗಳನ್ನು ಪುಟ್ಟ ಮನೆಯೊಳಗೆ ನಿಲ್ಲಿಸಿ, ಬೆಳಕು ಹಾಕಿ, ಫೋಟೋ ತೆಗೆದು ಮಾಡಿದ ಪುಸ್ತಕ. ಮೊದಲೇ ಚಿಕ್ಕ ಲೋಕ, ಚೀಟಿಗೆ ಇಳಿಸುವುದು ಸುಲಭ.

ಆದರೆ ಇಲ್ಲಿ ನನ್ನ ಕೈ ತಡೆಯುತ್ತದೆ. ಹೊಸಬರಾಗಿದ್ದಾಗ ಬೇಕ್ ಹೀನಾ ಪ್ರಕಾಶಕರ ಜೊತೆ ಸಹಿ ಹಾಕಿದ ಒಪ್ಪಂದದಲ್ಲಿ ಪುಸ್ತಕದ ಎಲ್ಲ ಹಕ್ಕೂ ಒಂದೇ ಕಂತಿನ ಹಣಕ್ಕೆ ಹೋಗಿತ್ತು. 85 ಲಕ್ಷ ವೊನ್. ಆಮೇಲೆ ಒಂದು ಕೋಟಿ ವೊನ್ ಸೇರಿತು. ಕೋಟಿ ಅಂದರೆ ಹೆದರಬೇಡಿ. ಎಲ್ಲ ಸೇರಿದರೂ ನಮ್ಮ ಹತ್ತು ಹನ್ನೆರಡು ಲಕ್ಷ ರೂಪಾಯಿಯ ಆಸುಪಾಸು. ಆ ಬೆಕ್ಕುಗಳು ಟಿವಿ ಕಾರ್ಟೂನ್ ಆದವು, ಸಂಗೀತ ನಾಟಕವಾದವು. ಅವರ ಪಾಲಿಗೆ ಏನೂ ಬರಲಿಲ್ಲ. ಕೋರ್ಟಿಗೆ ಹೋದರು. 2020ರ ಮಾರ್ಚಿನಲ್ಲಿ ಮಕ್ಕಳ ಸಾಹಿತ್ಯದ ದೊಡ್ಡ ಗೌರವವಾದ ಆಸ್ಟ್ರಿಡ್ ಲಿಂಡ್‌ಗ್ರೆನ್ ಪ್ರಶಸ್ತಿ ಬಂತು, 50 ಲಕ್ಷ ಸ್ವೀಡಿಷ್ ಕ್ರೋನ. ಅದೇ ಜೂನಿನಲ್ಲಿ ಕೊರಿಯದ ಸುಪ್ರೀಂ ಕೋರ್ಟಿನಲ್ಲಿ ಕೇಸು ಸೋತರು. ಹೀಗಿರುವಾಗ ಆ ಬೆಕ್ಕುಗಳನ್ನು ಚೀಟಿಗೆ ಹಾಕಿದರೆ ಗೌರವ ಯಾರಿಗೆ, ಹಣ ಯಾರಿಗೆ? ಅಜ್ಜಿಕತೆಯ ಹುಲಿಗೆ ಈ ತಕರಾರು ಇರಲಿಲ್ಲ. ಅದು ಎಲ್ಲರದ್ದು. ಚಿತ್ರಪುಸ್ತಕದ ಬೆಕ್ಕು ಒಬ್ಬರ ಕೈಯಿಂದ ಹುಟ್ಟಿದ್ದು.

ಹಾಗಾಗಿ ನಾನು ಅವರ ಇನ್ನೊಂದು ಪುಸ್ತಕಕ್ಕೆ ಹೋಗುತ್ತೇನೆ, 2017ರಲ್ಲಿ ಬಂದ 'ಅಲ್‌ಸಾತಾಂಗ್'. ಅಂದರೆ ಗುಂಡನೆಯ ಪೆಪ್ಪರಮೆಂಟು. ಒಬ್ಬನೇ ಗೋಲಿ ಆಡುವ ಹುಡುಗ ಗೋಲಿ ಅಂದುಕೊಂಡು ಪೆಪ್ಪರಮೆಂಟು ಕೊಳ್ಳುತ್ತಾನೆ. ಬಾಯಿಗೆ ಹಾಕಿಕೊಂಡರೆ ಸೋಫಾ ಮಾತಾಡುವುದು ಕೇಳಿಸುತ್ತದೆ. ಆಮೇಲೆ ಮುದಿ ನಾಯಿಯದ್ದು. ಆಮೇಲೆ, ಸದಾ ಬೈಯುವ ಅಪ್ಪನ ಮನಸ್ಸಿನ ಮಾತು. ಜಪಾನಿನ ಟೋಯಿ ಸಂಸ್ಥೆ ಇದನ್ನು ಕಿರುಚಿತ್ರ ಮಾಡಿತು, 2025ರಲ್ಲಿ ಅದು ಆಸ್ಕರ್ ಕೊನೆಯ ಪಟ್ಟಿಗೂ ಹೋಗಿತ್ತು. ಚೀಟಿಗೆ ಯಾವ ಪುಟ? ಒಂದು ಪೆಪ್ಪರಮೆಂಟು ಮಾತ್ರ. ದುಂಡನೆಯ ಚೀಟಿ. ಉಳಿದದ್ದನ್ನು ಪತ್ರ ಬರೆದವರು ಹೇಳಿಕೊಳ್ಳಲಿ.

ನಾಲ್ಕನೆಯದನ್ನು ಖಾಲಿ ಬಿಟ್ಟಿದ್ದೇನೆ. ಇಲ್ಲಿನ ಮಕ್ಕಳು ಓದಿ ಆರಿಸಿ.

ಮಾತು ಮುಗಿದ ಮೇಲೆ ಚೀಟಿ ನೋಡಲು ಸಾಲು ನಿಂತಿತು. ಎರಡನೆಯ ಕ್ಲಾಸಿನ ಒಬ್ಬಳು ಚಿಮಟ ಹಿಡಿದುಕೊಂಡೇ ಕೇಳಿದಳು: 'ತಾತ, ಮೊಲ ಓಡಿಹೋಯಿತು ಸರಿ. ಆಮೆ ಏನು ಮಾಡಿತು?' ನನ್ನ ನಾಲ್ಕು ಚೀಟಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಹಳೆಯ ಚರಿತ್ರೆಯಲ್ಲಿದೆ. ಮೊಲ ಪೊದೆಯೊಳಗೆ ನುಗ್ಗಿ, ಎಷ್ಟು ದಡ್ಡ ನೀನು, ಈಲಿ ಇಲ್ಲದೆ ಯಾರಾದರೂ ಬದುಕುತ್ತಾರಾ ಅನ್ನುತ್ತದೆ. ಆಮೆ ಏನೂ ಹೇಳುವುದಿಲ್ಲ. ಬೇಜಾರಿನಲ್ಲಿ, ಸುಮ್ಮನೆ ವಾಪಸು ಹೊರಡುತ್ತದೆ.

'ಅರಮನೆಗಾ?' ಅಂದಳು.

ಚರಿತ್ರೆಯಲ್ಲಿ ಅಷ್ಟೇ ಇರುವುದು ಅಂದೆ. ಅವಳು ಚೀಟಿಯನ್ನು ಇನ್ನೊಂದು ಸಲ ನೋಡಿ, ಅದರ ಜಾಗದಲ್ಲಿ ಇಟ್ಟಳು.